ಅಂಗಳದ ಹಳದಿ ಹೂಬಳ್ಳಿ ಹೊಲಕ್ಕೆ ಇಳಿಯದಿರಲಿ

ಬೆಂಗಳೂರಿನ ನೆಂಟರ ಮನೆಗೆ ಹೋದವರು ಹಿಂದಿರುಗುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಹಿಡಿ ಬಳ್ಳಿ ತುಂಡುಗಳನ್ನು ತರುವುದನ್ನು ನೀವು ನೋಡಿರಬಹುದು. ನೀವೇ ತಂದಿರಲೂಬಹುದು. ಮನೆಯ ಮುಂದೆ ಊರಿದರೆ ವಾರ ಹತ್ತು ದಿನಗಳಲ್ಲಿ ಬೇರು ಬಿಡುತ್ತದೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ನೆಲವೆಲ್ಲ ಹಸುರು, ಹಸುರಿನ ಮೇಲೆ ಚಿಕ್ಕ ಸೂರ್ಯಕಾಂತಿಯಂಥ ಹಳದಿ ಹೂಗಳು. ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ, ಬೇಸಿಗೆಯಲ್ಲಿ ಬಾಡಿದರೂ ಸಾಯುವುದಿಲ್ಲ. ಪಕ್ಕದ ಮನೆಯ ಹೆಂಗಸರು ಕೇಳುತ್ತಾರೆ, ಅವರಿಗೂ ಒಂದು ಹಿಡಿ ಕೊಡುತ್ತೀರಿ. ಕಾಸು ಖರ್ಚಿಲ್ಲದ ಉಡುಗೊರೆ. ಹೀಗೆ ಒಂದು ಮನೆಯಿಂದ ಬೀದಿಗೆ, ಬೀದಿಯಿಂದ ಊರಿಗೆ ಹರಡುತ್ತದೆ.

ಈ ಬಳ್ಳಿಯ ಹೆಸರು ವೆಡೇಲಿಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಹೊಸ ಮನೆ ಕಟ್ಟಿಸಿದವರು ಇದನ್ನು ಹೇಗೆ ಬೆಳೆಸಬೇಕೆಂದು ಕೇಳುತ್ತಿರುತ್ತಾರೆ. ಬೆಳೆಸುವುದು ಬಹಳ ಸುಲಭ, ಅದಕ್ಕೆ ಕೃಷಿ ಅಧಿಕಾರಿಯ ಸಲಹೆಯೇ ಬೇಡ. ಸಲಹೆ ಬೇಕಾಗಿರುವುದು ಅದನ್ನು ನಿಲ್ಲಿಸುವುದಕ್ಕೆ. ಎಲ್ಲಿ ನಿಲ್ಲಬೇಕೆಂಬುದನ್ನು ನೆಡುವ ಮೊದಲೇ ತೀರ್ಮಾನಿಸಿಕೊಂಡವರು ಮಾತ್ರ ಇದನ್ನು ನೆಡತಕ್ಕದ್ದು. ನಮ್ಮ ಹಳ್ಳಿಗಳಲ್ಲಿ ಅಂಗಳ ಮುಗಿದಲ್ಲಿ ಹಿತ್ತಿಲು, ಹಿತ್ತಿಲು ಮುಗಿದಲ್ಲಿ ಕಾಲುವೆ ಇಲ್ಲವೇ ಹೊಲದ ಬದು. ಬೆಂಗಳೂರಿನ ಬಡಾವಣೆಯ ಮನೆಗೂ ನಮ್ಮ ಮನೆಗೂ ಇರುವ ವ್ಯತ್ಯಾಸ ಇದೇ. ಅಲ್ಲಿ ಬಳ್ಳಿ ಕಾಂಪೌಂಡು ದಾಟಿದರೆ ಸಿಗುವುದು ಡಾಂಬರು ರಸ್ತೆ. ಇಲ್ಲಿ ಸಿಗುವುದು ನಿಮ್ಮ ರಾಗಿ ಹೊಲ.

ಗುರುತು ಹಿಡಿಯುವುದು ಹೇಗೆ?

ವೆಡೇಲಿಯ ನೆಲದ ಮೇಲೆ ಹರಿಯುವ ಬಹುವಾರ್ಷಿಕ ಬಳ್ಳಿ. ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ, ದಪ್ಪನಾಗಿ ಹೊಳೆಯುತ್ತವೆ. ಎಲೆಯ ಅಂಚು ಸಾಮಾನ್ಯವಾಗಿ ಮೂರು ಹಾಳೆಯಾಗಿ ಸೀಳಿದಂತಿರುತ್ತದೆ. ಬಳ್ಳಿಯ ಪ್ರತಿ ಗೆಣ್ಣೂ ನೆಲ ಮುಟ್ಟಿದ ಕೂಡಲೇ ಬೇರು ಬಿಡುವ ಸ್ವಭಾವದ್ದು. ಹೂ ಬಿಟ್ಟರೂ ಬೀಜದಿಂದ ಹರಡುವುದು ತೀರ ಕಡಿಮೆ. ಅದರ ಸಂತಾನವೆಲ್ಲ ಬಳ್ಳಿಯ ತುಂಡಿನಿಂದಲೇ. ಈ ಒಂದು ಮಾತನ್ನು ನೆನಪಿನಲ್ಲಿಡಿ, ಮುಂದೆ ಬರುವುದೆಲ್ಲ ಇದರಿಂದಲೇ ಹೊರಡುತ್ತದೆ.

ಇದರ ಮೂಲ ನೆಲ ಮೆಕ್ಸಿಕೋ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಹಾಗೂ ದಕ್ಷಿಣ ಅಮೆರಿಕದ ಉತ್ತರ ಭಾಗ. ಜರ್ಮನಿಯ ಯೇನಾ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ವೆಡೆಲ್ ಎಂಬ ವಿದ್ವಾಂಸನ ಹೆಸರಿನಿಂದ ವೆಡೇಲಿಯ ಎಂದಾಯಿತು. 1996ರಿಂದ ಸಸ್ಯಶಾಸ್ತ್ರಜ್ಞರು ಇದನ್ನು ಸ್ಫ್ಯಾಗ್ನೆಟಿಕೋಲ ಎಂಬ ಬೇರೆ ಕುಲಕ್ಕೆ ಸೇರಿಸಿದ್ದಾರೆ. ಆ ಹೆಸರು ನಾಲಿಗೆಗೆ ಹೊರಳುವುದಿಲ್ಲ, ನರ್ಸರಿಗಳಲ್ಲೂ ಹಳೆಯ ಹೆಸರೇ ನಡೆಯುತ್ತಿದೆ. ನಾವೂ ವೆಡೇಲಿಯ ಎಂದೇ ಕರೆಯೋಣ.

ಇಲ್ಲಿ ಒಂದು ಎಚ್ಚರಿಕೆ. ಕೆಲವರು ಇದನ್ನು ಹಳದಿ ಭೃಂಗರಾಜವೆಂದು ತಿಳಿದು ತಲೆಗೆ ಎಣ್ಣೆ ಕಾಯಿಸಲು, ಕಾಮಾಲೆಗೆ ರಸ ತೆಗೆಯಲು ಬಳಸುವುದುಂಟು. ಔಷಧಿಯ ಹಳದಿ ಭೃಂಗರಾಜ ಇದರ ದಾಯಾದಿ ಗಿಡ. ಅದರ ಎಲೆ ಉದ್ದವಾಗಿರುತ್ತದೆ, ಮೂರು ಹಾಳೆಯಾಗಿ ಸೀಳಿರುವುದಿಲ್ಲ. ನಮ್ಮ ಗದ್ದೆ ಬದುಗಳಲ್ಲಿ ತಾನಾಗಿ ಬೆಳೆಯುವ ಗರುಗದ ಸೊಪ್ಪಿಗೆ ಬಿಳಿಯ ಹೂ, ಅದು ಬೇರೆಯೇ ಗಿಡ. ಹೂವಿನ ಬಣ್ಣ ನೋಡಿ ಔಷಧಿ ಮಾಡಬೇಡಿ.

ದನಕರುಗಳಿಗೂ ಇದು ಮೇವಲ್ಲ. ಎಲೆಯಲ್ಲಿ ಕೌರಿನಾಯಿಕ್ ಆಮ್ಲವೆಂಬ ವಸ್ತುವಿದೆ. ಗಬ್ಬದ ಜಾನುವಾರುಗಳಲ್ಲಿ ಇದು ಕಂದು ಹಾಕಿಸಬಹುದೆಂಬ ಸಂಶಯವಿದೆ. ಹಸುಗಳು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಕತ್ತರಿಸಿದ ಸೊಪ್ಪನ್ನು ಹಸಿ ಹುಲ್ಲಿನ ಜೊತೆ ಗೋದಲಿಗೆ ಹಾಕಿದರೆ ಹಸಿದ ಹಸು ಆರಿಸಿ ತಿನ್ನುತ್ತದೆಯೇ? ಹಾಕಬೇಡಿ.

ಎಲ್ಲಿ ನೆಡಬಹುದು, ಹೇಗೆ?

ನಾಲ್ಕು ಕಡೆಯೂ ಸಿಮೆಂಟು, ಕಲ್ಲು ಅಥವಾ ಗೋಡೆ ಇರುವ ಜಾಗ ಇದಕ್ಕೆ ಯೋಗ್ಯ. ಮನೆಯ ಮೆಟ್ಟಿಲ ಪಕ್ಕದ ಕಟ್ಟೆ, ಕಾಂಪೌಂಡು ಗೋಡೆಗೂ ಸಿಮೆಂಟು ನೆಲಕ್ಕೂ ನಡುವಿನ ಪಟ್ಟಿ, ಸಿಮೆಂಟು ತೊಟ್ಟಿ ಇಂಥವು. ಶಾಲೆಯ ಅಥವಾ ಹಾಲಿನ ಡೇರಿಯ ಮುಂದೆ ಕಲ್ಲು ಕಟ್ಟಿದ ಇಳಿಜಾರು ಮಣ್ಣಿದ್ದರೆ ಅಲ್ಲಿಯೂ ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಮಣ್ಣು ಕೊಚ್ಚಿ ಹೋಗದಂತೆ ತಡೆಯುತ್ತದೆ. ಜೇನು, ಚಿಟ್ಟೆಗಳು ಬರುತ್ತವೆ. ಪಾರ್ಥೇನಿಯಂ ತಲೆಯೆತ್ತಲು ಜಾಗ ಬಿಡುವುದಿಲ್ಲ. ಗುಣವಿಲ್ಲದ ಗಿಡವೆಂದು ನಾನು ಹೇಳಲಾರೆ. ಹೂ ಮಾತ್ರ ಕಿತ್ತರೆ ಬೇಗ ಬಾಡುತ್ತದೆ. ಮಾಲೆ ಕಟ್ಟಿ ದೇವರಿಗೆ ಏರಿಸೋಣವೆಂದು ನೆಡುವವರು ಕಾಕಡವನ್ನೋ ಸೇವಂತಿಗೆಯನ್ನೋ ಹಾಕಿಕೊಳ್ಳುವುದು ಮೇಲು.

ನಮ್ಮ ಕೆಂಪು ಮರಳು ಮಿಶ್ರಿತ ಮಣ್ಣು ಇದಕ್ಕೆ ಸಾಕು. ಆರಿದ್ರೆ ಮಳೆಯಿಂದ ಆಶ್ಲೇಷದವರೆಗೆ ನಾಟಿಗೆ ಒಳ್ಳೆಯ ಕಾಲ. ನೆಲವನ್ನು ಒಂದು ಗೇಣು ಆಳ ಅಗೆದು ಗರಿಕೆ ಬೇರು, ಕೊನ್ನಾರಿ ಗೆಡ್ಡೆಗಳನ್ನು ಆರಿಸಿ ತೆಗೆಯಿರಿ. ಇವು ಉಳಿದರೆ ಆಮೇಲೆ ಬಳ್ಳಿಯ ನಡುವೆ ಕೈ ಹಾಕಿ ಕೀಳುವುದು ಕಷ್ಟ. ಹತ್ತಡಿ ಉದ್ದ, ಮೂರಡಿ ಅಗಲದ ಪಟ್ಟಿಗೆ ಎರಡು ಮಂಕರಿ ಹಳೆಯ ಕೊಟ್ಟಿಗೆ ಗೊಬ್ಬರ ಧಾರಾಳವಾಯಿತು. ಯೂರಿಯಾ ಹಾಕಬೇಡಿ. ಹಾಕಿದರೆ ಸೊಪ್ಪು ಹೆಚ್ಚಿ ಹೂ ಕಡಿಮೆಯಾಗುತ್ತದೆ, ಬಳ್ಳಿಗೆ ಇನ್ನಷ್ಟು ಓಟ ಬರುತ್ತದೆ. ಮೂರು ಗೆಣ್ಣುಗಳಿರುವ ನಾಲ್ಕರಿಂದ ಆರು ಅಂಗುಲದ ತುಂಡುಗಳನ್ನು ಅಡಿಗೊಂದರಂತೆ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ಊರಿ. ಇಷ್ಟು ಜಾಗಕ್ಕೆ 30 ತುಂಡು ಸಾಕು. ಮಳೆ ಬಾರದಿದ್ದರೆ ಎರಡು ವಾರ ನೀರು ಚಿಮುಕಿಸಿ. ಬಿಸಿಲು ಚೆನ್ನಾಗಿ ಬೀಳುವ ಕಡೆ ಹೂ ಹೆಚ್ಚು. ಮಾವಿನ ಮರದ ದಟ್ಟ ನೆರಳಿನಲ್ಲಿ ಬರೀ ಎಲೆ.

ಪಟ್ಟಿಯ ಒಂದು ಬದಿಯಾದರೂ ಮಣ್ಣಿಗೆ ತೆರೆದಿದ್ದರೆ ನಾಟಿಗೆ ಮುಂಚೆಯೇ ಕಲ್ಲು ನಿಲ್ಲಿಸಬೇಕು. ಕಲ್ಲಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಚಪ್ಪಡಿಯ ತುಂಡುಗಳನ್ನು ಒಂದಕ್ಕೊಂದು ಸಂದಿಲ್ಲದಂತೆ, ಮುಕ್ಕಾಲು ಅಡಿ ನೆಲದೊಳಗೆ, ಕಾಲಡಿ ಮೇಲೆ ಇರುವಂತೆ ಹೂಳಿ. ಕಲ್ಲು ಇದ್ದ ಮಾತ್ರಕ್ಕೆ ಬಳ್ಳಿ ನಿಲ್ಲುವುದಿಲ್ಲ, ಅದು ಹತ್ತಿ ಇಳಿಯುತ್ತದೆ. ಆದರೆ ಕಲ್ಲಿನ ಮೇಲೆ ಹಾಯುವ ಬಳ್ಳಿ ಕಣ್ಣಿಗೆ ಕಾಣುತ್ತದೆ, ಕುಡುಗೋಲಿಗೆ ಸಿಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಅಂಚು ಕತ್ತರಿಸಬೇಕು. ಒಂದು ಮಳೆಗಾಲದಲ್ಲಿ ಒಂದೊಂದು ಹಂಬು ಆರಡಿಯವರೆಗೆ ಹರಿಯಬಲ್ಲದು. ಈ ಹದಿನೈದು ದಿನದ ಕೆಲಸಕ್ಕೆ ಮನೆಯಲ್ಲಿ ಒಬ್ಬರ ಹೆಸರು ಗೊತ್ತುಮಾಡಿ. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ, ಇಡೀ ಪಟ್ಟಿಯನ್ನು ನಾಲ್ಕು ಅಂಗುಲ ಉಳಿಯುವಂತೆ ಕೊಯ್ದುಬಿಟ್ಟರೆ ಹೊಸ ಕುಡಿಯೊಡೆದು ಹೂ ಒತ್ತಾಗಿ ಬರುತ್ತದೆ.

ನನ್ನ ಹಿತ್ತಿಲಿನಲ್ಲಿ ಆದದ್ದು

ಇಷ್ಟೆಲ್ಲ ಹೇಳುವ ನಾನು ಇದನ್ನು ಪುಸ್ತಕದಿಂದ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ಚನ್ನಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಬಾಡಿಗೆಗೆ ಇದ್ದೆ. ಹಿತ್ತಿಲಿನ ಮೂಲೆಯಲ್ಲಿ ನಾನೇ ವೆಡೇಲಿಯ ನೆಟ್ಟೆ. ಆಚೆ ಕಡೆ ಹಿರಿಯ ರೈತರೊಬ್ಬರ ಮನೆ, ಅವರ ತಿಪ್ಪೆ. ಬಳ್ಳಿ ಹೆಚ್ಚಾದಾಗ ಕತ್ತರಿಸಿ ಗೋಡೆಯ ಮೇಲಿನಿಂದ ಅವರ ತಿಪ್ಪೆಗೆ ಎಸೆಯುತ್ತಿದ್ದೆ. ಹಸಿರು ಸೊಪ್ಪು ಕೊಳೆತು ಒಳ್ಳೆಯ ಗೊಬ್ಬರವಾಗುತ್ತದೆಂದು ಅವರಿಗೆ ಹೇಳಿಯೂ ಇದ್ದೆ. ಬಿ.ಎಸ್ಸಿ. ಓದಿದವನ ಮಾತೆಂದು ಅವರೂ ಒಪ್ಪಿದರು.

ಬೇಸಿಗೆಯಲ್ಲಿ ಆ ಗೊಬ್ಬರ ಗಾಡಿಯಲ್ಲಿ ಅವರ ರಾಗಿ ಹೊಲಕ್ಕೆ ಹೋಯಿತು. ತಿಪ್ಪೆಯ ಒಳಗಿನದು ಕೊಳೆತಿತ್ತು. ಮೇಲಿನದೂ ಅಂಚಿನದೂ ಕೊಳೆತಿರಲಿಲ್ಲ. ಮಳೆ ಬಿದ್ದು ರಾಗಿ ಹುಟ್ಟಿತು, ಅದರ ಜೊತೆಗೆ ಅಲ್ಲೊಂದು ಇಲ್ಲೊಂದು ವೆಡೇಲಿಯವೂ ಹುಟ್ಟಿತು. ಅವರು ಎಂದಿನಂತೆ ಕುಂಟೆ ಹಾಯಿಸಿದರು. ಬೇರೆ ಕಳೆಯಾಗಿದ್ದರೆ ಕುಂಟೆಗೆ ಸಿಕ್ಕಿ ಬಿಸಿಲಿಗೆ ಒಣಗುತ್ತಿತ್ತು. ಇದು ತುಂಡಾಯಿತು. ಕುಂಟೆ ಎಳೆದುಕೊಂಡು ಹೋದ ಕಡೆಯೆಲ್ಲ ತುಂಡುಗಳು ಬಿದ್ದವು, ಅದೇ ವಾರ ಸೋನೆ ಹಿಡಿಯಿತು, ಒಂದೊಂದು ತುಂಡೂ ಒಂದೊಂದು ಗಿಡವಾಯಿತು. ಅವರು ಒಂದು ಬೆಳಿಗ್ಗೆ ಗೋಡೆಯ ಹತ್ತಿರ ಬಂದು, ‘ಸಾರ್, ನಿಮ್ಮ ಹೂವು ನಮ್ಮ ರಾಗಿಗೆ ಬಂದದೆ, ಒಂದು ಗಳಿಗೆ ಬಂದು ನೋಡಿ’ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಹೊಲವನ್ನು ಹಸನು ಮಾಡಲು ಎರಡು ಬೇಸಿಗೆ ಹಿಡಿಯಿತು. ಕೂಲಿಯ ಹಣ ನಾನು ಕೊಡಹೋದೆ, ಅವರು ಅರ್ಧ ಮಾತ್ರ ತೆಗೆದುಕೊಂಡರು. ಈಗ ಹೊಲಗಳಲ್ಲಿ ಕುಂಟೆಗಿಂತ ರೋಟವೇಟರ್ ಹೆಚ್ಚು ಓಡಾಡುತ್ತಿದೆ. ಬಳ್ಳಿಯನ್ನು ಗೆಣ್ಣುಗೆಣ್ಣಾಗಿ ಕೊಚ್ಚಿ ಮಣ್ಣಿಗೆ ಬೆರೆಸುವುದರಲ್ಲಿ ಅದು ಕುಂಟೆಗಿಂತ ನೂರು ಪಾಲು ಚುರುಕು. ವೆಡೇಲಿಯ ಕಂಡ ಹೊಲಕ್ಕೆ, ಅದನ್ನು ಕೈಯಲ್ಲಿ ಕಿತ್ತು ಹೊರಗೆ ಸಾಗಿಸುವ ತನಕ, ರೋಟವೇಟರ್ ಇಳಿಸಲೇಬಾರದು.

ನೀರಿನ ದಾರಿ

ತಿಪ್ಪೆ ಒಂದು ದಾರಿಯಾದರೆ ನೀರು ಇನ್ನೊಂದು. ವೆಡೇಲಿಯಕ್ಕೆ ತೇವವೆಂದರೆ ಪ್ರಾಣ. ಕಾಲುವೆಯ ಏರಿ, ಹಳ್ಳದ ದಂಡೆ, ಕೆರೆಯ ಹಿನ್ನೀರಿನ ಅಂಚು ಸಿಕ್ಕಿದರೆ ಅಲ್ಲಿರುವ ಹುಲ್ಲು, ಒಂದೆಲಗ, ಗರುಗ ಎಲ್ಲವನ್ನೂ ಮುಚ್ಚಿ ತಾನೊಂದೇ ನಿಲ್ಲುತ್ತದೆ. ದನ ಮೇಯುವ ಹುಲ್ಲು ಹೋದ ಜಾಗದಲ್ಲಿ ದನ ಮೇಯದ ಬಳ್ಳಿ ಬರುತ್ತದೆ. ಕೇರಳದ ತೋಡುಗಳ ಬದಿಯಲ್ಲೂ ರಸ್ತೆ ಪಕ್ಕದ ತೇವದ ನೆಲದಲ್ಲೂ ಇದು ಹೀಗೆ ಹಾಸಿಕೊಂಡಿರುವುದನ್ನು ಆ ಕಡೆ ಪ್ರವಾಸ ಹೋದವರು ನೋಡಬಹುದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಇದನ್ನು ಮಾರುವುದೇ ನಿಷಿದ್ಧ.

ನಮ್ಮ ನಾಲ್ಕು ತಾಲ್ಲೂಕುಗಳ ನಕ್ಷೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ, ಮಂಚನಬೆಲೆ ಜಲಾಶಯಗಳನ್ನು ದಾಟಿ ರಾಮನಗರಕ್ಕೆ ಬರುತ್ತದೆ. ಅಲ್ಲಿಂದ ಕನಕಪುರದ ಕಡೆಗೆ ಇಳಿದು, ಹಾರೋಬೆಲೆ ಜಲಾಶಯ ದಾಟಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಚನ್ನಪಟ್ಟಣಕ್ಕೆ ಕಣ್ವ ನದಿ, ಕಣ್ವ ಜಲಾಶಯ. ಮಾಗಡಿಯ ಯಾವುದೋ ಹಳ್ಳಿಯಲ್ಲಿ ಯಾರೋ ಒಂದು ಮಂಕರಿ ಕತ್ತರಿಸಿದ ಬಳ್ಳಿಯನ್ನು ಹಳ್ಳಕ್ಕೆ ಸುರಿದರೆ, ಒಂದು ಜೋರು ಉತ್ತರೆ ಮಳೆಗೆ ಅದು ಎಲ್ಲಿ ಹೋಗಿ ದಡ ಹತ್ತುತ್ತದೆ ಎಂದು ಹೇಳಬಲ್ಲವರು ಯಾರು? ಒಂದು ಗೆಣ್ಣು ಹಸಿಯಾಗಿ ಉಳಿದರೆ ಸಾಕು.

ಹೂವಿನ ಆಸೆಗೆ ತಂದ ಗಿಡ ಕೈಮೀರುವುದು ನಮಗೆ ಹೊಸತಲ್ಲ. ಲಂಟಾನವನ್ನು 1807ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವೆಂದು ತಂದರು. ಇಂದು ಕನಕಪುರ ತಾಲ್ಲೂಕಿನ ಕಾಡಂಚಿನಲ್ಲಿ ದನ ಮೇಯಿಸುವವರಿಗೆ ಆ ಮುಳ್ಳು ಮೆಳೆಯ ಪರಿಚಯ ನಾನು ಮಾಡಿಸಬೇಕಾಗಿಲ್ಲ. ಕೆರೆಗಳನ್ನು ಮುಚ್ಚುವ, ನೇರಳೆ ಬಣ್ಣದ ಹೂ ಬಿಡುವ ನೀರು ಕಳೆಯೂ ಹೂವಿನ ಚೆಂದಕ್ಕೇ ದೇಶದೇಶ ಸುತ್ತಿದ್ದು. 2000ನೇ ಇಸವಿಯಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು ಹೊರಗಿನಿಂದ ಬಂದು ನೆಲ ಆಕ್ರಮಿಸುವ 100 ಕೆಟ್ಟ ಜೀವಿಗಳ ಪಟ್ಟಿ ಮಾಡಿದರು. ಅದರಲ್ಲಿ ಲಂಟಾನವಿದೆ, ಆ ನೀರು ಕಳೆಯಿದೆ, ವೆಡೇಲಿಯವೂ ಇದೆ. ಪಾರ್ಥೇನಿಯಂ ನಮ್ಮನ್ನು ಕೇಳದೆ ಬಂತು. ಅದನ್ನು ತಿನ್ನುವ ದುಂಬಿಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಮಳೆಗಾಲದಲ್ಲಿ ಅಷ್ಟಿಷ್ಟು ತಿನ್ನುತ್ತಿದೆ. ವೆಡೇಲಿಯಕ್ಕೆ ಅಂಥ ದುಂಬಿಯಿಲ್ಲ. ಇದನ್ನು ತಡೆಯಬೇಕಾದವರು ನೆಟ್ಟವರೇ.

ರೇಷ್ಮೆ ಮನೆಯವರಿಗೆ ಒಂದು ಮಾತು

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹುಳು ಸಾಕುವ ಕೋಣೆ ಮನೆಗೆ ಅಂಟಿಕೊಂಡೇ ಇರುತ್ತದೆ. ಹುಳು ಮನೆಯ ಸುತ್ತ ವೆಡೇಲಿಯವಾಗಲಿ ಬೇರಾವುದೇ ಹಾಸುಬಳ್ಳಿಯಾಗಲಿ ಬೇಡ. ದಟ್ಟವಾದ ಬಳ್ಳಿಯ ಕೆಳಗೆ ಸದಾ ತಂಪು. ಇರುವೆ, ಇಲಿ, ಹಲ್ಲಿಗಳಿಗೆ ಅದು ಮನೆ. ಹುಳು ಹಣ್ಣಾಗಿ ಚಂದ್ರಿಕೆಗೆ ಹತ್ತುವ ಹೊತ್ತಿಗೆ ಇರುವೆ ಸಾಲು ಒಳಕ್ಕೆ ಬಂದರೆ ಏನಾಗುತ್ತದೆಂಬುದು ನಿಮಗೆ ಗೊತ್ತು. ಹಗಲೆಲ್ಲ ತಂಪಿನಲ್ಲಿ ಅಡಗಿ ರಾತ್ರಿ ಹಿಪ್ಪುನೇರಳೆ ಸೊಪ್ಪು ಮೇಯುವ ಆಫ್ರಿಕದ ದೊಡ್ಡ ಬಸವನಹುಳುವಿಗೂ ಇಂಥ ಜಾಗವೇ ಬೇಕು. ಹಾವು ಚೇಳಿನ ಮಾತು ಬೇರೆ ಹೇಳಬೇಕಾಗಿಲ್ಲ. ಹುಳು ಮನೆಯ ಸುತ್ತ ಕನಿಷ್ಠ ಹತ್ತಡಿ ನೆಲ ಬರಿದಾಗಿ, ಗುಡಿಸಿದಂತೆ ಇರಲಿ.

ಹಬ್ಬಿದ ಬಳ್ಳಿಗೆ ಕಳೆನಾಶಕ ಹೊಡೆಯೋಣವೆಂದು ಯೋಚಿಸುವವರೂ ಇದ್ದಾರೆ. ಹಿಪ್ಪುನೇರಳೆ ತೋಟದ ಹತ್ತಿರ ಬೇಡ. ಗಾಳಿಗೆ ತೇಲಿದ ಹನಿ ಸೊಪ್ಪಿನ ಮೇಲೆ ಕೂತರೆ ಕಡ್ಡಿಯೂ ಸೊರಗುತ್ತದೆ, ಆ ಸೊಪ್ಪು ತಿಂದ ಹುಳುವಿನ ಗತಿಯೂ ಕಷ್ಟ. ಒಂದು ಬೆಳೆ ಗೂಡು ಹೋಯಿತೆಂದರೆ ಎಷ್ಟು ನಷ್ಟವೆಂದು ಲೆಕ್ಕ ಹಾಕಿ. ಅದರ ಮುಂದೆ ನಾಲ್ಕು ಆಳಿನ ಕೂಲಿ ದೊಡ್ಡದಲ್ಲ.

ಆಗಲೇ ಹಬ್ಬಿದ್ದರೆ ಕೀಳುವ ಬಗೆ

ಮಳೆ ನಿಂತು ಎರಡು ಮೂರು ದಿನವಾಗಿ ಮಣ್ಣು ಹದವಾಗಿರುವಾಗ ಕೀಳಬೇಕು. ಕೆಸರಿನಲ್ಲಿ ಬಳ್ಳಿ ಜಾರಿ ಕಡಿಯುತ್ತದೆ, ಒಣ ನೆಲದಲ್ಲಿ ಬೇರು ಕಿತ್ತು ಬರುವುದಿಲ್ಲ. ಮೊದಲು ಕುಡುಗೋಲಿನಿಂದ ಮೇಲಿನ ಸೊಪ್ಪು ಕೊಯ್ದು ತೆಗೆಯಿರಿ. ಆಮೇಲೆ ಅಂಚಿನಿಂದ ಒಳಕ್ಕೆ ಬನ್ನಿ, ನಡುವಿನಿಂದ ಅಂಚಿಗೆ ಹೋಗಬೇಡಿ. ಗುದ್ದಲಿಯಿಂದ ಹಗುರವಾಗಿ ಎತ್ತಿ, ಹಂಬನ್ನು ಹಗ್ಗ ಸುತ್ತುವಂತೆ ಸುತ್ತಿಕೊಳ್ಳುತ್ತ ಹೋಗಿ. ಎರಡು ವಾರ ಬಿಟ್ಟು ನೋಡಿದರೆ ಉಳಿದ ಗೆಣ್ಣುಗಳು ಚಿಗುರಿರುತ್ತವೆ. ಆ ಎರಡನೆಯ ಸುತ್ತು, ಮತ್ತೆ ತಿಂಗಳ ಮೇಲೆ ಮೂರನೆಯ ಸುತ್ತು, ಇವನ್ನು ಬಿಟ್ಟವರು ಮೊದಲ ಸುತ್ತನ್ನೂ ಮಾಡದಿದ್ದಂತೆಯೇ ಲೆಕ್ಕ.

ಜಾಗ ಚಿಕ್ಕದಾಗಿದ್ದರೆ ಇನ್ನೊಂದು ಉಪಾಯವುಂಟು. ಮಾರ್ಚಿ ತಿಂಗಳಲ್ಲಿ ಬಳ್ಳಿಯನ್ನು ನೆಲಮಟ್ಟಕ್ಕೆ ಕೊಯ್ದು, ಒಮ್ಮೆ ನೀರು ಹಾಯಿಸಿ, ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿ. ಸುತ್ತ ಒಂದಡಿ ಹೆಚ್ಚಾಗಿ ಹೊದಿಸಿ ಅಂಚಿಗೆ ಕಲ್ಲು ಹೇರಿ. ಎರಡು ತಿಂಗಳ ಬಿಸಿಲಿಗೆ ಬಹುಪಾಲು ಬೆಂದು ಸಾಯುತ್ತದೆ. ಹಾಳೆ ತೂತಾಗಿದ್ದರೆ ಆ ತೂತಿನಿಂದಲೇ ತಲೆ ಹಾಕುತ್ತದೆ, ವಾರಕ್ಕೊಮ್ಮೆ ನೋಡಿ.

ಕಿತ್ತ ಬಳ್ಳಿಯನ್ನು ಏನು ಮಾಡುವುದು? ಹಸಿಯಾಗಿ ತಿಪ್ಪೆಗೆ ಬೇಡ, ಎರೆಗೊಬ್ಬರದ ತೊಟ್ಟಿಗೆ ಬೇಡ, ಹಳ್ಳಕ್ಕೆ ಬೇಡ, ರಸ್ತೆಯ ಬದಿಗೂ ಬೇಡ. ಬರಿ ಬಂಡೆಯ ಮೇಲೆ ಅಥವಾ ಸಿಮೆಂಟು ಕಣದಲ್ಲಿ ತೆಳುವಾಗಿ ಹರಡಿ, ದಿನಕ್ಕೊಮ್ಮೆ ಮಗುಚಿ. ರಾಶಿ ಹಾಕಿದರೆ ಒಳಗಿನದು ವಾರಗಟ್ಟಲೆ ಹಸಿಯಾಗಿರುತ್ತದೆ. ಗೆಣ್ಣನ್ನು ಬಾಗಿಸಿದರೆ ಲಟಕ್ಕನೆ ಮುರಿಯಬೇಕು, ಅಲ್ಲಿಯವರೆಗೆ ಒಣಗಲಿ. ಆಮೇಲೆ ತಿಪ್ಪೆಗೆ ಧಾರಾಳವಾಗಿ ಹಾಕಿ, ನಿಜಕ್ಕೂ ಗೊಬ್ಬರವಾಗುತ್ತದೆ.

ಬೇರೆ ಏನು ಹಾಕಬಹುದು?

ನಿಮ್ಮ ಅಂಗಳ ಹೊಲಕ್ಕೋ ಕಾಲುವೆಗೋ ತೆರೆದಿದ್ದರೆ ವೆಡೇಲಿಯದ ಬದಲು ಹೂಗಡಲೆ ಹಾಕಿ. ಅರಾಕಿಸ್ ಪಿಂಟೊಯ್ ಎಂದು ಇದರ ಶಾಸ್ತ್ರೀಯ ಹೆಸರು. ಬ್ರೆಜಿಲ್ ಮೂಲದ್ದು, ನಮ್ಮ ಕಡಲೆಕಾಯಿಯ ಹತ್ತಿರದ ನೆಂಟ. ಎಲೆ ಕಡಲೆಗಿಡದ ಹಾಗೆಯೇ, ಹೂವೂ ಅದೇ ಹಳದಿ, ಆದರೆ ಬಹುವಾರ್ಷಿಕ. ತೆಂಗು, ಅಡಿಕೆ ತೋಟಗಳಲ್ಲಿ ನೆಲ ಮುಚ್ಚಲು ಇದನ್ನು ಬೆಳೆಸುವುದುಂಟು. ದ್ವಿದಳ ಜಾತಿಯದಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ. ಹಸು ಮೇಯುತ್ತದೆ. ಅಲ್ಪ ಸ್ವಲ್ಪ ತುಳಿದರೂ ತಡೆದುಕೊಳ್ಳುತ್ತದೆ. ಇದೂ ಹಬ್ಬುವ ಗಿಡವೇ, ಆದರೆ ವೆಡೇಲಿಯದ ಓಟ ಇದಕ್ಕಿಲ್ಲ.

ದೋಷವೂ ಉಂಟು, ಮುಚ್ಚಿಡುವುದಿಲ್ಲ. ಮೊದಲ ಮೂರು ನಾಲ್ಕು ತಿಂಗಳು ಬಹಳ ನಿಧಾನ. ಅಷ್ಟರಲ್ಲಿ ಎರಡು ಸಲವಾದರೂ ಕೈಯಲ್ಲಿ ಕಳೆ ತೆಗೆಯಬೇಕು, ಇಲ್ಲದಿದ್ದರೆ ಗರಿಕೆ ನುಂಗುತ್ತದೆ. ಬೇಸಿಗೆಯಲ್ಲಿ ನೀರು ತಪ್ಪಿದರೆ ಕಂದಾಗಿ ಒಣಗಿದಂತೆ ಕಾಣುತ್ತದೆ. ತೆಂಗಿನ ಮರಗಳಿಗೆ ಹನಿ ನೀರಾವರಿ ಇರುವವರಿಗೆ, ಪಾತ್ರೆ ತೊಳೆದ ನೀರು ಬಿಡಲು ಅನುಕೂಲವಿರುವವರಿಗೆ ಇದು ಹೇಳಿಮಾಡಿಸಿದ್ದು. ಆರೆಂಟು ಅಂಗುಲದ ತುಂಡುಗಳನ್ನು ಅಡಿಗೊಂದರಂತೆ ಮಳೆಗಾಲದ ಆರಂಭದಲ್ಲಿ ಊರಬೇಕು. ತುಂಡುಗಳು ಎಲ್ಲಿ ಸಿಗುತ್ತವೆಂಬುದನ್ನು ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ, ಇಲ್ಲವೇ ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ನೀರೇ ಕಾಣದ ಅಂಗಳವಾದರೆ ನಮ್ಮ ಕೆರೆ ಅಂಗಳದಲ್ಲಿಯೇ ಬೆಳೆಯುವ ನೆಲಹಿಪ್ಪಲಿಯನ್ನು ನೋಡಿ. ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ, ಹಿಪ್ಪಲಿಯಂಥ ಪುಟ್ಟ ತಲೆಯ ಸುತ್ತ ಬಿಳಿ ಮತ್ತು ತಿಳಿ ನೇರಳೆಯ ಸಣ್ಣ ಹೂಗಳು. ಹತ್ತಿರ ಬಗ್ಗಿ ನೋಡಿದರೆ ಮಾತ್ರ ಅದರ ಚೆಲುವು ತಿಳಿಯುತ್ತದೆ. ಜೇನ್ನೊಣಗಳಿಗೆ ಬಗ್ಗುವ ಅಗತ್ಯವೂ ಇಲ್ಲ, ಬೆಳಗಿನಿಂದಲೇ ಮುತ್ತಿರುತ್ತವೆ. ಯಾರೂ ನರ್ಸರಿಯಲ್ಲಿ ಮಾರದ ಕಾರಣ ಅದಕ್ಕೆ ಬೆಲೆಯಿಲ್ಲ, ಅಷ್ಟೆ. ಒಂದು ಮಂಕರಿ ಮಣ್ಣು ಸಮೇತ ತಂದು ನಾಲ್ಕು ಕಡೆ ಇಟ್ಟರೆ ಸಾಕು.

ನಲ್ಲಿಯ ಕೆಳಗೆ, ಬಾವಿ ಕಟ್ಟೆಯ ಬದಿಯಲ್ಲಿ ತೇವದ ಜಾಗವಿದ್ದರೆ ಒಂದೆಲಗವೇ ಸರಿ. ಹೂ ಲೆಕ್ಕಕ್ಕಿಲ್ಲ, ಆದರೆ ಚಟ್ನಿ ಇದೆ. ತಿನ್ನುವ ಒಂದೆಲಗಕ್ಕೆ ಸೋಪಿನ ನೀರು, ಕೊಟ್ಟಿಗೆಯ ಗಂಜಲ ಹರಿಯುವ ಜಾಗ ಬೇಡ.

ಇನ್ನು ಈಗಾಗಲೇ ವೆಡೇಲಿಯ ಇರುವವರು ಈ ವಾರ ಮಾಡಬೇಕಾದ ಕೆಲಸವೊಂದಿದೆ. ಮನೆಯ ಹಿಂದಕ್ಕೆ ಹೋಗಿ ಮೂರು ಜಾಗ ನೋಡಿ: ಬಚ್ಚಲ ನೀರು ಹೊರಗೆ ಹರಿಯುವ ಬಾಯಿ, ತಿಪ್ಪೆಯ ಅಂಚು, ಕಾಲುವೆಗೆ ಹತ್ತಿರದ ಬದು. ಮೂರು ಎಲೆಯಷ್ಟು ಕಂಡರೂ ಅವತ್ತೇ ಕಿತ್ತು ಬಂಡೆಗೆ ಹಾಕಿ. ಯಾರಾದರೂ ಒಂದು ಹಿಡಿ ಕಡ್ಡಿ ಕೇಳಲು ಬಂದರೆ, ಕೊಡುವ ಮುಂಚೆ ಅವರ ಹಿತ್ತಿಲಿನ ಆಚೆ ಏನಿದೆಯೆಂದು ಕೇಳಿ.